ಎಂಬತ್ತೈದು ದಾಟಬಾರದು

ಜುಲೈ 3, ಬೆಳಿಗ್ಗೆ 8.20

ಮಳೆ 3 ಇಂಚು 15 ಸೆಂಟ್. ಗೋಡೆಯ ಥರ್ಮಾಮೀಟರ್ 20. ಗಾಳಿ ಇದೆ.

ಬೀರುಗಳಿಗೆ ಬಲ್ಬ್ ಹಾಕಿಸಿದೆ. ಸೀರೆ ಬೀರು, ಪುಸ್ತಕದ ಬೀರು, ಹಾಲ್‌ನ ತೇಗದ ಬೀರುವಿನ ಕೆಳಗಿನ ಖಾನೆ — ಅಲ್ಲಿ ನಮ್ಮ ಯಜಮಾನರ ರೇಡಿಯೋ, ದುರ್ಬೀನು ಇವೆ. ಈಗಿನ ಎಲ್‌ಇಡಿ ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಬೂಷ್ಟು ಅದಕ್ಕೆ ಹೆದರುವುದಿಲ್ಲ. ಅದಕ್ಕೇ ಅರವತ್ತು ವಾಟ್‌ನ ಹಳೇ ಬಲ್ಬ್ ಎರಡು ಡಜನ್ ಕಟ್ಟಿಟ್ಟಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಹಾಕಬೇಕು, ಸಂಜೆ ಆರಕ್ಕೆ ಆರಿಸಬೇಕು. ಆಮೇಲೆ ವೋಲ್ಟೇಜ್ ಸಾಲುವುದಿಲ್ಲ. ಮನೆಗೆಲಸದ ಸಿದ್ದಮ್ಮನಿಗೆ ಮತ್ತೆ ಹೇಳಿದೆ. "ಗೊತ್ತಮ್ಮ, ಹದಿನೆಂಟು ವರ್ಷ ಆಯ್ತು ಹಾಕ್ತಾ" ಅಂದಳು. ಹಾಗಾದರೆ ಹೋದ ವರ್ಷ ಇವರ ಕೋಟಿಗೆ ಬೂಷ್ಟು ಹೇಗೆ ಬಂತು?

ತಿಂಡಿಗೆ ಕೂತಾಗ ಮೊಮ್ಮಗಳದು ಮತ್ತೆ ಅದೇ ರಾಗ.

"ಅಜ್ಜಿ, ಕಳಸ ಪೇಟೆ ಮಳಿಗೆ ಖಾಲಿ ಬಿದ್ದಿದೆ. ನಮಗೆ ಕೊಡಿ."

"ನಮಗೆ ಅಂದ್ರೆ?"

"ನಂಗೂ ಜುನೈದ್‌ಗೂ. ಎಷ್ಟು ದಿನ ಅಂತ ಮೆಟ್ಟಿಲ ಕೆಳಗೆ ಅಂಗಡಿ ಇಟ್ಕೊಂಡಿರೋದು?"

ರಕ್ಷಾಳಿಗೆ ಇಪ್ಪತ್ತಮೂರು. ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಜುನೈದ್‌ನ ಕಂಪ್ಯೂಟರ್ ಅಂಗಡಿಗೆ ಹೋಗುತ್ತಾಳೆ. ಬೆಳಿಗ್ಗೆ ಜೀಪಿನಲ್ಲಿ ಹೋದರೆ ಬರುವುದು ಸಂಜೆ ಆರೂವರೆಗೆ. ಅವನು ನಮ್ಮ ತೋಟದ ಪಲ್ಪರ್, ಕಾಫಿ ಹಣ್ಣು ಸುಲಿಯುವ ಯಂತ್ರ, ನೋಡುವ ರಜಾಕ್‌ನ ಮಗ. ಇಬ್ಬರೂ ಸೇರಿ ಮದುವೆ ವಿಡಿಯೋ ಎಡಿಟ್ ಮಾಡುವವರಿಗೆ ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರ್ ಕಟ್ಟಿಕೊಡುತ್ತಾರಂತೆ. ಹಾಗಂದರೆ ಏನು ಎಂದು ಕೇಳಿದೆ. ಕಂಪನಿ ಹೇಳಿದ ವೇಗಕ್ಕಿಂತ ಜಾಸ್ತಿ ಓಡಿಸುವುದಂತೆ.

ಇದು ನನಗೆ ಹೊಸದಲ್ಲ. ಹಣ್ಣು ಬೇಗ ಮುಗಿಯಲಿ ಎಂದು ರಜಾಕ್ ಒಂದು ವರ್ಷ ಇಂಜಿನ್ನಿಗೆ ದೊಡ್ಡ ಪುಲ್ಲಿ ಹಾಕಿದ್ದ. ಹಣ್ಣೂ ಮುಗಿಯಿತು, ಪಲ್ಪರ್‌ನ ಬೇರಿಂಗೂ ಮುಗಿಯಿತು. ಅಪ್ಪನ ಬುದ್ಧಿಯೇ ಮಗನಿಗೂ.

"ಬಿಸಿ ಆಗಲ್ವಾ?"

"ಆಗುತ್ತೆ. ಅದನ್ನ ಹಿಡಿತದಲ್ಲಿ ಇಡೋದೇ ಕೆಲಸ. ಎಂಬತ್ತೈದು ಡಿಗ್ರಿ ದಾಟಲ್ಲ ಅಂತ ಜುನೈದ್ ಗ್ಯಾರಂಟಿ ಕೊಡ್ತಾನೆ."

ಗ್ಯಾರಂಟಿ! ನನ್ನ ಮಳಿಗೆಯಲ್ಲಿ ಕೂತು ಊರಿಗೆ ಗ್ಯಾರಂಟಿ ಕೊಡುವವರು ಮೊದಲು ನನಗೆ ತೋರಿಸಲಿ. ಈ ಮನೆಗೆ ಬಂದ ಯಾವ ಯಂತ್ರವನ್ನೂ ಓಡಿಸಿ ನೋಡದೆ ಇಟ್ಟುಕೊಂಡಿಲ್ಲ. ಏಳು ದಿನ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು. ಅರ್ಧ ಗಂಟೆಗೊಮ್ಮೆ ನಾನೇ ನೋಡಿ ಬರೆಯುತ್ತೇನೆ. ಎಂಬತ್ತೈದು ದಾಟಿದರೆ ಮಳಿಗೆ ಇಲ್ಲ.

"ಕಂಪ್ಯೂಟರೇ ಬರ್ಕೊಳ್ಳುತ್ತೆ ಅಜ್ಜಿ."

"ನಾನು ಬರೆದದ್ದು ನಂಗೆ ಬೇಕು."

ಜುಲೈ 5, ಸಂಜೆ 7

ಮಳೆ 4 ಇಂಚು 40 ಸೆಂಟ್ (ಬೆಳಿಗ್ಗೆ).

ಅಂಗಡಿ ಮುಚ್ಚಿ ಜುನೈದ್ ಬಂದ. ಕಂಪ್ಯೂಟರ್ ಟೇಬಲ್ ಮೇಲೆ ಇಡುತ್ತೇನೆ ಎಂದ. ಗಾಳಿ ಚೆನ್ನಾಗಿ ಆಡುತ್ತದಂತೆ. ಕಿಟಕಿ ಸಂದಿಯಿಂದ ಮಂಜು ಒಳಗೇ ಬರುವ ಮನೆ ಇದು, ನಾಲ್ಕು ದಿನಕ್ಕೆ ತುಕ್ಕು ಹಿಡಿಯುತ್ತದೆ ಎಂದೆ. ತೇಗದ ಬೀರುವಿನ ಮೇಲಿನ ಖಾನೆ ಖಾಲಿ ಮಾಡಿಸಿ ಅಲ್ಲೇ ಇಡಿಸಿದೆ. ಮೇಲಿನ ಬಾಗಿಲು ಎರಡೂ ತೆಗೆದೇ ಇರಲಿ ಎಂದ. ಹಿಂದಿನ ಹಲಗೆ ಬಿಚ್ಚಿದ. ಕೆಳಗಿನ ಹಲಗೆ ಪಟ್ಟಿಪಟ್ಟಿ ಇರುವುದು ನೋಡಿ, "ಒಳ್ಳೇದೇ ಆಯ್ತಮ್ಮ, ಅಡಿಯಿಂದ್ಲೂ ಗಾಳಿ ಎಳ್ಕೊಳ್ಳುತ್ತೆ" ಎಂದ.

ಓಡಿಸಿ ತೋರಿಸಿದ. 78. ಮಾತು ಮೆತ್ತಗಿದೆ ಹುಡುಗನದು. ನನಗೆ ಮೆತ್ತಗಿನ ಮಾತಿನ ಮೇಲೆ ನಂಬಿಕೆ ಕಡಿಮೆ.

ಮಳೆ ಪುಸ್ತಕದ ಎಡಪುಟದಲ್ಲಿ ಮಳೆ. ಬಲಪುಟ ಯಾವಾಗಲೂ ಖಾಲಿ. ಈ ಏಳು ದಿನದ ಲೆಕ್ಕ ಅಲ್ಲೇ ಬರೆಯುತ್ತೇನೆ. ಮದುವೆಯಾಗಿ ಬಂದ ವರ್ಷ, ಎಸ್‌ಎಸ್‌ಎಲ್‌ಸಿ ಓದಿದ ಸೊಸೆ ಎಂದು ಮಾವ ಈ ಕೆಲಸ ನನ್ನ ಕೈಗೆ ಕೊಟ್ಟರು. "ಬರೆದದ್ದನ್ನ ಹೊಡೆದುಹಾಕಬಾರದು, ತಿದ್ದಬಾರದು" ಎಂದಿದ್ದರು. ನಲವತ್ತೈದು ವರ್ಷ. ಒಂದು ದಿನ ತಪ್ಪಿಲ್ಲ, ಒಂದು ಅಂಕಿ ತಿದ್ದಿಲ್ಲ.

ಜುಲೈ 7, ಬೆಳಿಗ್ಗೆ 11.10

ಮಳೆ 2 ಇಂಚು 90 ಸೆಂಟ್.

ಬಲಪುಟ. ಮೊದಲ ದಿನ.
9.00 — 34
9.30 — 83
10.00 — 90
10.30 — 94
11.00 — 96

ತೊಂಬತ್ತಾರು! ಹೊರಗೆ ಇಪ್ಪತ್ತು ಡಿಗ್ರಿ, ಶಾಲು ಹೊದ್ದು ಕೂತಿದ್ದೇನೆ. ಫ್ಯಾನ್ ಕಾಫಿ ಸಿಪ್ಪೆ ತೆಗೆಯುವ ಹುಲ್ಲರ್ ಥರ ಕೂಗುತ್ತಿದೆ. ಇದೇ ಅವರ ಗ್ಯಾರಂಟಿ.

ಸಂಜೆ 7.15

ರಕ್ಷಾ ಬಂದವಳೇ ಕಂಪ್ಯೂಟರ್ ಮುಂದೆ ಕೂತಳು. ಅರ್ಧ ಗಂಟೆ ಓಡಿಸಿದಳು. 79.

"ಅಜ್ಜಿ, ನೀವು ಬೇರೆ ಯಾವುದೋ ನಂಬರ್ ನೋಡಿದ್ದೀರಿ."

ಮೈ ಉರಿದುಹೋಯಿತು. ನಲವತ್ತೈದು ವರ್ಷ ಗಾಜಿನ ಅಳತೆ ಕೊಳವೆಯಲ್ಲಿ ಇಂಚಿಗೆ ನೂರು ಸೆಂಟ್ ಲೆಕ್ಕದಲ್ಲಿ ಮಳೆ ನೋಡಿದ ಕಣ್ಣು ಇದು. ಕಂಪ್ಯೂಟರ್ ತಾನೇ ಬರೆದುಕೊಂಡದ್ದನ್ನು ತೆಗೆಸಿ ನೋಡಿಸಿದೆ. ಒಂಬತ್ತೂವರೆಗೆ 83. ಹನ್ನೊಂದಕ್ಕೆ 96. ನನ್ನ ಪುಸ್ತಕದಲ್ಲಿ ಇದ್ದದ್ದೇ.

"ನೋಡಿದೆಯಾ?"

ಕೂಲರ್ ಸರಿ ಕೂತಿಲ್ಲವೇನೋ, ಜುನೈದ್ ಒಂದು ಸಲ ನೋಡಲಿ ಎಂದು ಗೋಗರೆದಳು. ಸರಿ ಎಂದೆ. ಒಂದೇ ಸಲ.

ಜುಲೈ 8, ಸಂಜೆ 7.30

ಮಳೆ 5 ಇಂಚು 5 ಸೆಂಟ್. ಎರಡನೇ ದಿನ: ಹೆಚ್ಚೆಂದರೆ 95.

ಜುನೈದ್ ಬಂದ. ಕೂಲರ್ ಬಿಚ್ಚಿ ಹಳೇ ಪೇಸ್ಟ್ ಒರೆಸಿ ಹೊಸದು ಹಾಕಿದ. ನೀರಲ್ಲಿ ಕಲಸಿದ ವಿಭೂತಿ ಥರ ಇದೆ. ಬಟಾಣಿ ಕಾಳಿನಷ್ಟು, ಅಷ್ಟೇ. ಪ್ರೊಸೆಸರ್‌ನ ಬಿಸಿ ಕೂಲರ್‌ಗೆ ದಾಟಲಿ ಎಂದು ಅದನ್ನು ಹಚ್ಚುವುದಂತೆ. ಆಮೇಲೆ ಕೀಲಿಮಣೆ ಕುಟ್ಟಿದ.

"ವೋಲ್ಟೇಜ್ ಒಂಚೂರು ಇಳಿಸಿದೆ ಅಮ್ಮಾ. ಫ್ಯಾನೂ ಬೇಗ ತಿರುಗೋ ಹಾಗೆ ಮಾಡಿದೆ. ಸ್ಪೀಡ್ ಕಮ್ಮಿ ಮಾಡಿಲ್ಲ."

ಅರ್ಧ ಗಂಟೆ ಓಡಿಸಿದ. 76. ರಕ್ಷಾ ನನ್ನ ಮುಖ ನೋಡಿ ನಕ್ಕಳು. ನಾನು ನಗಲಿಲ್ಲ.

ಜುಲೈ 9, ಮಧ್ಯಾಹ್ನ 12.05

ಮಳೆ 3 ಇಂಚು 60 ಸೆಂಟ್.

94. ಹನ್ನೆರಡು ಗಂಟೆಗೆ.

ಈಗ ಅರ್ಥವಾಯಿತು. ಅವನು ಇದ್ದಾಗ ಇಳಿಯುತ್ತದೆ, ಅವನು ಹೋದ ಮೇಲೆ ಏರುತ್ತದೆ. ತೋರಿಸುವುದಕ್ಕೆ ಒಂದು, ಓಡಿಸುವುದಕ್ಕೆ ಒಂದು. ತೂಕದ ಮುಂದೆ ಒಣಗಿದ ಕಾಫಿ ಸುರಿದು, ಅಡಿಯಲ್ಲಿ ಹಸಿ ತುಂಬಿದ ಚೀಲ ತಂದವರನ್ನು ನಾನು ನೋಡಿಲ್ಲವೇ?

ಜುಲೈ 10, ಬೆಳಿಗ್ಗೆ 10.45

ಮಳೆ 4 ಇಂಚು 25 ಸೆಂಟ್. ಈಗಲೇ 92.

ಜುನೈದ್ ಫೋನ್ ಮಾಡಿದ. ಪರೀಕ್ಷೆ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ನೋಡಿ ಅಂದ. ನೋಡಿದೆ. 51.

"ಸುಮ್ನೆ ಇದ್ದಾಗ ಐವತ್ತೊಂದು ಇರಬಾರದಮ್ಮ. ಒಳಗೆ ಹೋಗೋ ಗಾಳಿನೇ ಬಿಸಿ ಇದೆ ಅನ್ಸುತ್ತೆ. ಹತ್ರ ಏನಾದ್ರೂ ಬಿಸಿ ಇದೆಯಾ? ಒಲೆ, ಹೀಟರ್, ಅಂಥದ್ದು?"

"ನಾನೇನು ನಿನ್ನ ಕಂಪ್ಯೂಟರನ್ನ ಒಲೆ ಮೇಲೆ ಇಟ್ಟಿದ್ದೀನಾ?"

"ಹಾಗಲ್ಲಮ್ಮ, ಒಂದ್ಸಲ ಬೀರು ಸುತ್ತ ನೋಡಿ..."

ಇಟ್ಟೆ ಫೋನು. ತನ್ನ ಯಂತ್ರದ ಹುಳುಕನ್ನು ನನ್ನ ಮನೆಯ ಮೇಲೆ ಹಾಕುತ್ತಿದ್ದಾನೆ. ಎಷ್ಟು ಧೈರ್ಯ.

ಜುಲೈ 11, ಸಂಜೆ 4

ಮಳೆ 1 ಇಂಚು 80 ಸೆಂಟ್. ಇವತ್ತಿನದನ್ನು ಸೊಸೆ ದಿವ್ಯಾಳ ಹತ್ತಿರ ನೋಡಿಸಿದೆ. 95.

ಕಳಸಕ್ಕೆ ಹೋಗಿದ್ದೆ. ಸಂತೆ ದಿನ. ಕಲ್ಲೇಶ್ ಜೀಪನ್ನು ಸಂತೆ ಪಕ್ಕ ನಿಲ್ಲಿಸಿದ. ಮೆಣಸಿನಕಾಯಿ ಮಾರುವವರು, ಕತ್ತಿ ಸಾಣೆ ಹಿಡಿಯುವವನು, ನಮ್ಮ ತೋಟದ ಆಳುಗಳು, ಪಕ್ಕದೂರು ಸಂಸೆಯವರು, ಎಲ್ಲರೂ ಇದ್ದರು. ಜುನೈದ್ ಅಂಗಡಿಯ ಮುಂದಿನ ಕಲ್ಲಿನ ಮೇಲೆ ನಿಂತೇ ಕೇಳಿದೆ. ಒಳಗೆ ಹೋಗಲಿಲ್ಲ.

"ಹಳೇ ಮಾಲು ಹಾಕಿ ಹೊಸದು ಅಂತ ಮಾರೋದು ಎಷ್ಟು ದಿನದಿಂದ ನಡೀತಿದೆ?"

ಎದ್ದು ಹೊರಗೆ ಬಂದ. "ಅಮ್ಮಾ, ಒಳಗೆ ಬನ್ನಿ, ಕೂತು ಮಾತಾಡೋಣ."

"ಕೂರೋಕೆ ಬಂದಿಲ್ಲ. ಮೋಸಗಾರನ ಅಂಗಡೀಲಿ ನಾನು ಕೂರಲ್ಲ."

ಪಕ್ಕದ ಗ್ಯಾರೇಜಿನಿಂದ ರಜಾಕ್ ಬಂದು ನಿಂತಿದ್ದ. ಕೈಯಲ್ಲಿ ಎಣ್ಣೆ ಬಟ್ಟೆ. ಅವನ ಮುಂದೆಯೇ ಹೇಳಿದೆ. ಜುನೈದ್‌ನ ಕಿವಿ ಕೆಂಪಾಯಿತು. ರಕ್ಷಾ ಅಡ್ಡ ಬಂದಳು.

"ಅಜ್ಜಿ, ಸಾಕು. ಜೀಪ್ ಹತ್ತಿ."

ನನಗೆ! ಇಡೀ ದಾರಿ ಜೀಪಿನಲ್ಲಿ ಒಬ್ಬಳೇ ಬಂದೆ. ಕಲ್ಲೇಶ್ ಯಾವತ್ತೂ ಬಾಯಿ ಮುಚ್ಚದವನು, ಇವತ್ತು ಕೆಮ್ಮಲೂ ಇಲ್ಲ.

ಹೇಳಿದ್ದು ಸರಿಯಾಗಿದೆ. ಅಂಕಿ ನನ್ನ ಹತ್ತಿರ ಇದೆ.

ಜುಲೈ 12, ಬೆಳಿಗ್ಗೆ 10

ಮಳೆ 2 ಇಂಚು 10 ಸೆಂಟ್.

ರಜಾಕ್ ಪಲ್ಪರ್ ಮನೆಯ ಬೀಗದ ಕೈ ವಾಪಸು ಕಳಿಸಿದ್ದಾನೆ. ಕಲ್ಲೇಶ್ ಕೈಯಲ್ಲಿ, ಕಾಗದದಲ್ಲಿ ಸುತ್ತಿ. ಮೂವತ್ತೊಂದು ವರ್ಷ ಅವನ ಸೊಂಟದಲ್ಲಿ ಇದ್ದದ್ದು. ತೂತಿನ ಸುತ್ತ ಸವೆದು ಹೊಳೆಯುತ್ತಿದೆ.

"ಏನಾದ್ರೂ ಹೇಳಿದನಾ?"

"ಏನೂ ಇಲ್ಲ ಅಮ್ಮಾವ್ರೇ. ಕೊಟ್ಬಿಡು ಅಂದ್ರು ಅಷ್ಟೇ."

ಕೊಡಲಿ. ಪಲ್ಪರ್ ನೋಡುವವರು ಕೊಪ್ಪದಲ್ಲೂ ಇದ್ದಾರೆ, ಮೂಡಿಗೆರೆಯಲ್ಲೂ ಇದ್ದಾರೆ. ಮಗ ಶಂಕರನಿಗೆ ಹೇಳಿದೆ. "ನೋಡೋಣ" ಎಂದು ತೋಟಕ್ಕೆ ಹೋದ. ಅವನೂ ನನ್ನ ಮುಖ ನೋಡಲಿಲ್ಲ.

ರಕ್ಷಾ ಮನೆಯಲ್ಲಿ ಊಟ ಮಾಡುತ್ತಾಳೆ, ಮಾತಾಡುವುದಿಲ್ಲ. ಪರೀಕ್ಷೆ ನಿಲ್ಲಿಸುತ್ತೇನೆ ಎಂದು ಕಂಪ್ಯೂಟರ್‌ಗೆ ಕೈ ಹಾಕಿದಳು. ಬಿಡಲಿಲ್ಲ. ಏಳು ದಿನ ಎಂದರೆ ಏಳು ದಿನ. ಅರ್ಧಕ್ಕೆ ಬಿಟ್ಟ ಪುಟ ನನ್ನ ಪುಸ್ತಕದಲ್ಲಿ ಇಲ್ಲ.

ಜುಲೈ 15, ಮಧ್ಯಾಹ್ನ 2

ಮಳೆ 3 ಇಂಚು 35 ಸೆಂಟ್.

ಎರಡು ದಿನ ಕರೆಂಟ್ ಇರಲಿಲ್ಲ. ಏಳನೇ ದಿನ ಇವತ್ತು.

9.30 — 84
10.00 — 91
10.30 — 94
11.00 — 95
11.30 — 86
12.00 — 80
12.30 — 79
1.00 — 90
1.30 — 94

ಮತ್ತೆ ಮತ್ತೆ ನೋಡುತ್ತಿದ್ದೇನೆ.

ಹನ್ನೊಂದೂವರೆಗೆ ಇಳಿದಾಗ ಕಣ್ಣು ಮಂಜಾಯಿತೇನೋ ಎಂದು ಕನ್ನಡಕ ಒರೆಸಿದೆ. ಅಂಗಡಿಯಲ್ಲಿ ಕೂತೇ ಜುನೈದ್ ಏನೋ ಮಾಡಿರಬೇಕು ಎಂದುಕೊಂಡೆ. ಇಂಟರ್ನೆಟ್ ವಯರ್ ಕಿತ್ತು ಹಾಕಿದೆ. ಆದರೂ 80.

ಹನ್ನೆರಡೂವರೆ ಆದ ಮೇಲೆ ಸಿದ್ದಮ್ಮ ಬಂದಳು. ಕೈಯಲ್ಲಿ ಕಪ್ಪಾದ ಬಲ್ಬ್.

"ರೇಡಿಯೋ ಖಾನೇದು ಸುಟ್ಟೋಗಿದೆ ಅಮ್ಮ. ಬೇರೆ ಕೊಡಿ."

ಕಟ್ಟು ಬಿಚ್ಚಿ ನಾನೇ ಕೊಟ್ಟೆ. ಹಾಕಿ ಹೋದಳು. ಒಂದು ಗಂಟೆಗೆ 90.

ಆಗ ಎದ್ದು ಹೋಗಿ ಕೆಳಗಿನ ಖಾನೆಯ ಬಾಗಿಲು ತೆಗೆದೆ. ಬಿಸಿ ಮುಖಕ್ಕೆ ರಾಚಿತು. ಮೇಲಿನ ಪಟ್ಟಿ ಹಲಗೆಗೆ ಅಂಗೈ ಇಟ್ಟೆ, ರಜಾಕ್ ಬೇರಿಂಗ್ ಮೇಲೆ ಇಡುವ ಹಾಗೆ. ಹತ್ತು ಎಣಿಸುವಷ್ಟು ಹೊತ್ತು ಇಡಲಾಗಲಿಲ್ಲ. ಆ ಪಟ್ಟಿಗಳ ಸಂದಿಯಿಂದಲೇ ಕಂಪ್ಯೂಟರ್ ಗಾಳಿ ಎಳೆದುಕೊಳ್ಳುತ್ತದೆ. ಅವನೇ ಹೇಳಿದ್ದ.

ಒಂಬತ್ತಕ್ಕೆ ಹಾಕುವುದು. ಆರಕ್ಕೆ ಆರಿಸುವುದು. ಅವನು ಬಂದದ್ದು ಆರರ ಮೇಲೆ, ಎರಡು ಸಲವೂ. ರಕ್ಷಾ ನೋಡಿದ್ದೂ ಆರರ ಮೇಲೆ.

"ಹತ್ರ ಏನಾದ್ರೂ ಬಿಸಿ ಇದೆಯಾ?" ಎಂದು ಕೇಳಿದ್ದ.

2.40

ಸಿದ್ದಮ್ಮನಿಗೆ ಬೈದೆ. ಖಾನೆ ಮೇಲೇ ಕಂಪ್ಯೂಟರ್ ಇದೆ ಎಂದು ಕಾಣುವುದಿಲ್ಲವೇ ಎಂದು. ಅವಳು ಸೆರಗಿಗೆ ಕೈ ಒರೆಸಿಕೊಂಡು ನಿಂತಳು. "ನೀವೇ ಹಾಕು ಅಂದ್ರಿ ಅಮ್ಮ" ಅಂದಳು. ಅದೂ ನಿಜ. ಅದಕ್ಕೇ ಇನ್ನೂ ಜೋರಾಗಿ ಬೈದೆ.

ಬಲ್ಬ್ ಆರಿಸಿದ್ದೇನೆ. 79.

ಯಾರಿಗೂ ಗೊತ್ತಿಲ್ಲ. ಸಿದ್ದಮ್ಮನಿಗೆ ಬೈಗುಳ ಗೊತ್ತು, ಕಾರಣ ಗೊತ್ತಿಲ್ಲ. ಯಂತ್ರ ಸರಿಹೋಯಿತು, ಮಳಿಗೆ ತಗೋ ಎಂದರೆ ರಕ್ಷಾ ಕುಣಿಯುತ್ತಾಳೆ. ದೊಡ್ಡ ಮನಸ್ಸು ಎನ್ನುತ್ತಾರೆ. ಈ ಪುಟ ಒಂದು ಹರಿದರೆ...

ಹರಿಯಲಾರೆ. ಇದೇ ಹಾಳೆಯ ಹಿಂದೆ ಇರುವುದು ಮಳೆ ಲೆಕ್ಕ.

3.30

ಮೋಸಗಾರ ಎಂದು ಕೂಗಿ ಹೇಳಿದೆ. ಮೆಣಸಿನಕಾಯಿಯವರೆಗೂ ಕೇಳಿಸುವ ಹಾಗೆ. ಈಗ ಮಳಿಗೆ ಕೊಟ್ಟರೆ ಸಂತೆಯವರು ಏನು ತಿಳಿಯುತ್ತಾರೆ? ದೊಡ್ಡವರು ಕ್ಷಮಿಸಿದರು ಎಂದು. ಮೋಸಗಾರ ಮೋಸಗಾರನಾಗಿಯೇ ಉಳಿಯುತ್ತಾನೆ. ಅವನ ಹತ್ತಿರ ಯಾರು ಕಂಪ್ಯೂಟರ್ ಕಟ್ಟಿಸುತ್ತಾರೆ?

ನನ್ನ ಮೇಲೇ ಸಿಟ್ಟು. ಎಪ್ಪತ್ತು ವರ್ಷ ಆಯಿತು. ಎಲ್ಲರಿಗಿಂತ ಮೊದಲು ಬಿಸಿಯ ವಾಸನೆ ಹಿಡಿಯುವವಳು ನಾನು. ಮುಚ್ಚಿದ ಪಾರ್ಚ್‌ಮೆಂಟ್ ಕಾಫಿ ರಾಶಿ ಒಳಗೊಳಗೇ ಕಾಯುವುದನ್ನು ದೂರದಿಂದಲೇ ಹೇಳುವವಳು. ನನ್ನ ಬೀರುವಿನ ಒಳಗೆ ನಾನೇ ಒಲೆ ಹೊತ್ತಿಸಿಟ್ಟು...

ಜುಲೈ 16, ಬೆಳಿಗ್ಗೆ 8.30

ಮಳೆ 90 ಸೆಂಟ್.

ತಿಂಡಿಗೆ ಮೊದಲು ಪುಸ್ತಕವನ್ನು ರಕ್ಷಾಳ ಮುಂದೆ ಇಟ್ಟೆ. ಬಲಪುಟ ತೆಗೆದು. ಸುಟ್ಟ ಬಲ್ಬನ್ನೂ ಇಟ್ಟೆ. ಅಂಕಿ ಓದಿದಳು, ಬಲ್ಬ್ ನೋಡಿದಳು, ಬೀರು ನೋಡಿದಳು. ಒಂದು ಸಲ ನಗು ಬಂತು ಅವಳಿಗೆ, ಬಾಯಿ ಮುಚ್ಚಿಕೊಂಡಳು. ಆಮೇಲೆ ಕಣ್ಣಲ್ಲಿ ನೀರು.

"ಕೇಳಿದ್ನಲ್ಲ ಅಜ್ಜಿ ಅವನು. ಸುತ್ತ ಒಂದ್ಸಲ ನೋಡಿ ಅಂತ. ನೋಡಬಹುದಿತ್ತಲ್ಲ."

"ನೀನೂ ಇದೇ ಮನೇಲಿ ಹುಟ್ಟಿದೋಳು. ನಿಂಗೂ ಕಾಣ್ಲಿಲ್ಲ."

"ನಾನು ಮೋಸಗಾರ ಅನ್ಲಿಲ್ಲ."

ಪುಸ್ತಕ ಮುಚ್ಚಿದೆ. ನಿಜ ಕೇಳಿದಾಗ ಇನ್ನಷ್ಟು ಸಿಟ್ಟು ಬರುತ್ತದೆ.

"ನಾನೇ ಹೇಳ್ತೀನಿ ಜುನೈದ್‌ಗೆ. ನೀವು ಬರೋದು ಬೇಡ."

"ಬೈದದ್ದು ನೀನಾ?"

"ಫೋನ್ ಮಾಡಿ ಹಾಗಾದ್ರೆ."

"ಫೋನಲ್ಲಿ ಬೈದಿದ್ನಾ?"

ನಾಡಿದ್ದು ಸಂತೆ. ಜೀಪ್ ಹೊರಡಿಸು ಎಂದು ಕಲ್ಲೇಶ್‌ಗೆ ಹೇಳಿ ಕಳಿಸಿದೆ. ಕಂಪ್ಯೂಟರನ್ನೂ ಜೀಪಿಗೆ ಹಾಕಿಸುತ್ತೇನೆ.

ಜುಲೈ 18, ಬೆಳಿಗ್ಗೆ 8.10

ಮಳೆ 2 ಇಂಚು 55 ಸೆಂಟ್.

ಬಲಪುಟದ ಏಳೂ ದಿನದ ಮೇಲೆ ಅಡ್ಡಗೆರೆ ಎಳೆದೆ. ಸ್ಕೇಲ್ ಇಟ್ಟು, ನೇರವಾಗಿ. ಅಂಕಿ ಕಾಣುತ್ತವೆ, ಅಳಿಸಿಲ್ಲ. ಕೆಳಗೆ ಬರೆದೆ: ಬಲ್ಬ್ ಇತ್ತು. ನಾನೇ ಹಾಕಿಸಿದ್ದು. ಸಹಿ.

ಮಾವ ಇದ್ದಿದ್ದರೆ ಪುಸ್ತಕ ಕಿತ್ತುಕೊಳ್ಳುತ್ತಿದ್ದರು. ಕಿತ್ತುಕೊಳ್ಳಲಿ.

ಮಧ್ಯಾಹ್ನ 12.10, ಕಳಸ, ಜುನೈದ್ ಅಂಗಡಿ

ಅದೇ ಕಲ್ಲಿನ ಮೇಲೆ ನಿಂತೆ. ಅವನು ಒಳಗೆ ತಲೆ ಬಗ್ಗಿಸಿ ಸ್ಕ್ರೂ ಹಾಕುತ್ತಿದ್ದ. ಎತ್ತಲಿಲ್ಲ. ಮೆಣಸಿನಕಾಯಿಯವರು ಎತ್ತಿದರು. ಸಾಣೆಯವನು ಚಕ್ರ ನಿಲ್ಲಿಸಿದ. ಹೋದ ವಾರದಷ್ಟೇ ಗಟ್ಟಿಯಾಗಿ ಹೇಳಿದೆ.

"ಜುನೈದ್, ನಿನ್ನ ಕೆಲಸ ಸರಿ ಇತ್ತು. ನಮ್ಮ ಬೀರುವಿನಲ್ಲಿ ನಾನೇ ಬಲ್ಬ್ ಉರಿಸಿದ್ದೆ. ಮೋಸಗಾರ ಅಂದದ್ದು ತಪ್ಪು. ನಂದು ತಪ್ಪು."

ಮಾತು ಸರಿಯಾಗಿಯೇ ಬಂತು.

ಜುನೈದ್ ಸ್ಕ್ರೂ ಹಾಕುತ್ತಲೇ ಇದ್ದ. ರಜಾಕ್ ಗ್ಯಾರೇಜಿನಿಂದ ಬಂದ.

"ಯಾವ ಬಲ್ಬ್ ಅಮ್ಮ?"

"ಅರವತ್ತು ವಾಟಿಂದು."

"ಕಂಪ್ಯೂಟರ್ ಅಡಿಗಾ?"

"ಹೂಂ."

ಎಣ್ಣೆ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡ. ಭುಜ ಅಲ್ಲಾಡುತ್ತಿತ್ತು. "ನಾನು ಬೇರಿಂಗ್ ಸುಟ್ಟಾಗ ನೀವು ಆರು ವರ್ಷ ಹೇಳಿ ತೋರಿಸಿದ್ರಿ. ಇದನ್ನ ನಾನು ಸಾಯೋವರೆಗೂ ಬಿಡಲ್ಲ ಅಮ್ಮ."

"ಹೇಳಪ್ಪ. ಹೇಳು."

ಬೀಗದ ಕೈ ತಂದಿದ್ದೆ. ಅಂಗಡಿ ಮೇಜಿನ ಮೇಲೆ ಇಟ್ಟೆ. ಅವನು ತೆಗೆದುಕೊಳ್ಳಲಿಲ್ಲ. "ಬೈಸ್ಕೊಂಡೋನು ಅವನು ಅಮ್ಮ, ನಾನಲ್ಲ" ಎಂದ. ನಗು ಹೋಗಿತ್ತು.

ಜುನೈದ್ ಎದ್ದು ಜೀಪಿನಿಂದ ಕಂಪ್ಯೂಟರ್ ತಂದ. ವಯರ್ ಹಾಕಿದ. ಪರೀಕ್ಷೆ ಶುರು ಮಾಡಿದ. ಸ್ಕ್ರೀನನ್ನು ಬೀದಿ ಕಡೆ ತಿರುಗಿಸಿದ. ಸ್ಟೂಲ್ ಒಂದನ್ನು ಬಾಗಿಲಲ್ಲಿ, ಎಲ್ಲರಿಗೂ ಕಾಣುವಲ್ಲಿ ಇಟ್ಟ.

"ಬರ್ಕೊಳ್ಳಿ. ಸಂಜೆ ಐದರವರೆಗೆ."

ಅಷ್ಟೇ. ಅಮ್ಮಾ ಎನ್ನಲಿಲ್ಲ.

ನನ್ನನ್ನು ಸಂತೆ ನಡುವೆ ಕೂರಿಸಿದ್ದಾನೆ. ಸಿಟ್ಟು ನೆತ್ತಿಗೇರಿತು. ರಕ್ಷಾ ನನ್ನನ್ನೇ ನೋಡುತ್ತಿದ್ದಳು. ಕೂತೆ. ಹೊಸ ಪುಟ ತೆಗೆದೆ.

12.00 — 77

12.30 — 79. ಸಂಸೆಯ ಪಾಪಮ್ಮ ಬಂದು "ಇದೇನು, ನೀವು ಇಲ್ಲಿ?" ಎಂದಳು. ಕಂಪ್ಯೂಟರ್ ಬಿಸಿ ನೋಡುತ್ತಿದ್ದೇನೆ, ಕಾಣುವುದಿಲ್ಲವೇ ಎಂದೆ. ಎಷ್ಟಿದೆ ಎಂದು ಕೇಳಿದಳು. ಹೇಳಿದೆ. ಎಷ್ಟಿರಬೇಕು ಎಂದಳು. ಅದನ್ನೂ ಹೇಳಿದೆ. ಗಟ್ಟಿಯಾಗಿ.

1.00 — 80. ರಕ್ಷಾ ಟೀ ತಂದಳು.

1.30 — 80. ದಾಟಿಲ್ಲ. ದಾಟುವುದಿಲ್ಲ. ಬೀಗದ ಕೈ ಇಟ್ಟಲ್ಲೇ ಇದೆ. ಮೂವರೂ ಅದನ್ನು ನೋಡದ ಹಾಗೆ ಕೆಲಸ ಮಾಡುತ್ತಿದ್ದಾರೆ. ನಾನೂ ನೋಡುತ್ತಿಲ್ಲ.

2.00 — 79. ಜುನೈದ್ ಕೈ ಒರೆಸಿಕೊಂಡು ಎದ್ದ. ಮೇಜಿನ ಹತ್ತಿರ ಬಂದ. ಬೀಗದ ಕೈ ಎತ್ತಿ ಅಪ್ಪನ ಕಡೆ ಚಾಚಿದ. ರಜಾಕ್ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.